ಐತಾಳ ಡಾಕ್ಟರ ಪೆಟ್ಟಿಗೆ ಇನ್ನೂ ಮಾತಾಡುತ್ತಿದೆ

ನಂಬಲಾಗುತ್ತಿಲ್ಲ...
ಬೆಳಿಗ್ಗೆ ಸೆಲ್ವಿ ಸಿಸ್ಟರ್ ಫೋನ್ ಮಾಡಿ, ಡಾ. ವಾದಿರಾಜ ಐತಾಳರು ಹೋದರು ಎಂದಾಗ ನಂಬಲಿಲ್ಲ.
ಮಧ್ಯಾಹ್ನ ಅವರ ಕ್ಲಿನಿಕ್ ಮುಂದೆ ನಿಂತು ಬಂದೆ.
ಈಗಲೂ ನಂಬಲಾಗುತ್ತಿಲ್ಲ. ಆದರೆ ಕಾರಣ ಬೇರೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತಮಿಳು ಸೀಮೆಯ ಪೋರೂರಿನಲ್ಲಿ ಎರಡು ಕೋಣೆಯ ಕ್ಲಿನಿಕ್. ಮಕ್ಕಳ ಡಾಕ್ಟರು. ಕುಂದಾಪುರದ ಕಡೆಯವರು. ಸೆಲ್ವಿ ಒಬ್ಬರೇ ನರ್ಸ್.
ಟೇಬಲ್ ಮೇಲೆ ಒಂದು ಸೌಂಡ್‌ಬಾಕ್ಸ್. ಯಾರಾದರೂ ಫೋನಿನಿಂದ ಫೀಸು ಕೊಟ್ಟರೆ ಕೂಗಿ ಹೇಳುತ್ತದಲ್ಲ, ಅದು.
ಬೀದಿಯ ಉಳಿದ ಪೆಟ್ಟಿಗೆಗಳೆಲ್ಲ ತಮಿಳು. ಇವರದು ಮಾತ್ರ ಕನ್ನಡ.
"ದಿನಕ್ ನಾಕ್ ಕನ್ನಡ ಮಾತಾರೂ ಕಿವಿಗ್ ಬೀಳ್ಲಿ ಮಾರಾಯ್ರೆ" ಎನ್ನುತ್ತಿದ್ದರು.

ಈಚೆಗೆ ಆ ಪೆಟ್ಟಿಗೆ ಸುಮ್ಮನಾಯಿತು...
ಕೆವೈಸಿ ಮತ್ತೆ ಆಗಬೇಕೆಂದು ಬ್ಯಾಂಕು ಕ್ಲಿನಿಕ್‌ನ ಖಾತೆಯನ್ನು ತಡೆಹಿಡಿದಿತ್ತು.
ವಿಡಿಯೋದಲ್ಲಿ ಮುಖ ತೋರಿಸಿ ಎರಡೂ ಕಣ್ಣು ಮಿಟುಕಿಸಬೇಕು. ಖಾತೆದಾರ ಬದುಕಿದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ.
ನಿಯಮ ತಪ್ಪಲ್ಲ. ಸತ್ತವರ ಹೆಸರಿನಲ್ಲಿ ಖಾತೆ ನಡೆಸುವವರಿದ್ದಾರೆ.
ಆದರೆ ಹಿಂದೊಮ್ಮೆ ಕಾಯಿಲೆಯಾಗಿ ಐತಾಳರ ಮುಖದ ಎಡಭಾಗ ಮರಗಟ್ಟಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಮಲಗುವಾಗ ರೆಪ್ಪೆಗೆ ಟೇಪ್ ಅಂಟಿಸಿಕೊಳ್ಳುತ್ತಿದ್ದರು.
ಆ್ಯಪ್ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿತ್ತು...
"ಜೀವಂತ ವ್ಯಕ್ತಿ ಕಾಣುತ್ತಿಲ್ಲ."

ಬ್ರಾಂಚಿಗೆ ಹೋದರು. ಜೊತೆಯಲ್ಲಿ ನಾನೂ ಇದ್ದೆ.
ಅಲ್ಲಿನ ಆಫೀಸರ್ ಸಂಕೋಚದಿಂದ ತಮಿಳಿನಲ್ಲಿ ಹೇಳಿದ್ದು ಇಷ್ಟು: "ನೀವು ಎದುರಿಗೆ ಕೂತಿರೋದು ನನಗೆ ಕಾಣ್ತಿದೆ ಸಾರ್. ಸಿಸ್ಟಮ್‌ಗೆ ಕಾಣ್ತಿಲ್ಲ."
ಹೊರಗೆ ಬಂದು ಐತಾಳರು ನಕ್ಕರು. ಮುಖದ ಬಲಭಾಗ ಮಾತ್ರ ನಗುತ್ತಿತ್ತು.
"ಹೋಯ್, ನಾ ಬದ್ಕಿದ್ನಾ ಇಲ್ಯಾ ಅಂದ್ಹೇಳಿ ಮಿಷಿನ್ ಹೇಳ್ಕಂಬ್ರ್!" ಮಿಷಿನ್ ಹೇಳಬೇಕಂತೆ!
ಅನುವಾದದ ಕಾದಂಬರಿಗಳನ್ನು ಬದಲಾಯಿಸಿಕೊಂಡು ಓದುತ್ತಿದ್ದವರು ನಾವು. ಇಂಥ ಕಚೇರಿಗಳು ದೂರದ ದೇಶಗಳಲ್ಲಿ ಮಾತ್ರ ಇರುತ್ತವೆ ಎಂದುಕೊಂಡಿದ್ದೆವು...

ಲಸಿಕೆ ಕಳಿಸುವವರಿಗೆ ಆ ಖಾತೆಯಿಂದಲೇ ಹಣ ಹೋಗಬೇಕು. ಫ್ರಿಜ್ ಖಾಲಿಯಾಗುತ್ತ ಬಂತು.
ಸ್ವಂತ ಖಾತೆಗೆ ಫೀಸು ತೆಗೆದುಕೊಂಡರೆ ನೋಟಿಸ್ ಬರಬಹುದು ಎಂದರು ಆಡಿಟರ್.
ಕ್ಯಾಶ್ ಕೊಡಿ ಎನ್ನೋಣವೆಂದರೆ ಆ ಬೀದಿಯ ತಾಯಂದಿರ ಕೈಯಲ್ಲಿ ಈಗ ಇರುವುದು ಫೋನ್ ಮಾತ್ರ.
ಹಾಗಾಗಿ ಎಲ್ಲರಿಗೂ ಒಂದೇ ಉತ್ತರ... ಪೆಟ್ಟಿಗೆ ಮಾತಾಡಿದ ಮೇಲೆ ಕೊಡಿ.
ಹೀಗೇ ಆದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದೇ ಎಂದು ನನಗೊಬ್ಬನಿಗೆ ಹೇಳಿದ್ದರು.
ಸೆಲ್ವಿ ಮಾತ್ರ ಆ ಮೂಕ ಪೆಟ್ಟಿಗೆಯನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದರು.

ಐತಾಳರೇ...
ನಿನ್ನೆ ಸಂಜೆ ಮತ್ತೊಮ್ಮೆ ಪ್ರಯತ್ನಿಸಿದಿರಿ. ಫೋನ್ ಹಿಡಿದವನು ನಾನೇ.
ಎಡರೆಪ್ಪೆಯನ್ನು ಬೆರಳಿನಿಂದ ಎಳೆದು ಮುಚ್ಚಿದಿರಿ, ಬಿಟ್ಟಿರಿ.
"ಪರಿಶೀಲನೆಯಲ್ಲಿದೆ" ಎಂದು ಬಂತು. "ಕಾಂಬ" ಎಂದಿರಿ, ನೋಡೋಣ ಎಂದು.
ಬೆಳಗಿನ ನಿದ್ದೆಯಲ್ಲೇ ಹೋದಿರಂತೆ...
ನಿಮ್ಮ ಮನೆಗೆ ಬಂದು ನಾನು ನೋಡಿದಾಗ ಟೇಪ್ ಇರಲಿಲ್ಲ. ಯಾರೂ ತೆಗೆದಿಲ್ಲ, ಯಾರೂ ಮುಟ್ಟಿಲ್ಲ ಎಂದರು ಮನೆಯವರು.
ಎರಡೂ ಕಣ್ಣು ಸಮವಾಗಿ ಮುಚ್ಚಿದ್ದವು.
ಆ್ಯಪ್ ಕೇಳುತ್ತಿದ್ದದ್ದು ಅಷ್ಟೇ...

ಅಲ್ಲಿಂದ ಸೆಲ್ವಿಯೂ ನಾನೂ ಕ್ಲಿನಿಕ್‌ಗೆ ಹೋದೆವು, ಶಟರ್ ಮೇಲೆ ಸುದ್ದಿ ಅಂಟಿಸಲು. ತಾಯಂದಿರು ಆಗಲೇ ಸೇರಿದ್ದರು.
ಸೆಲ್ವಿ ಹಿಡಿದಿದ್ದ ಕ್ಲಿನಿಕ್ ಫೋನಿಗೆ ಮೆಸೇಜ್ ಬಂತು.
"ಖಾತೆದಾರರು ಜೀವಂತವಿರುವುದು ದೃಢಪಟ್ಟಿದೆ. ಖಾತೆ ಚಾಲ್ತಿಯಲ್ಲಿದೆ."
ಅದನ್ನು ಅವರು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

ಒಬ್ಬಾಕೆ ಮುಂದೆ ಬಂದು, ಬಾಕಿ ಫೀಸು ಕೊಡಲು ಶಟರ್ ಪಕ್ಕದ ಕ್ಯೂಆರ್ ಕೋಡಿಗೆ ಫೋನ್ ಹಿಡಿದಳು.
ಬೀಗ ಹಾಕಿದ ಕ್ಲಿನಿಕ್‌ನ ಒಳಗಿನಿಂದ... ಕನ್ನಡ.
"ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ."
ಮೊಮ್ಮಗುವನ್ನು ಎತ್ತಿಕೊಂಡಿದ್ದ ಅಜ್ಜಿಯೊಬ್ಬಳು ಕಿವಿ ಶಟರಿಗೆ ಹಚ್ಚಿದಳು. "ಡಾಕ್ಟರ್ ಉಳ್ಳೇ ಪೇಸುರಾರು..." ಒಳಗೆ ಡಾಕ್ಟರು ಮಾತಾಡುತ್ತಿದ್ದಾರೆ.
ಅವಳನ್ನು ಯಾರೂ ತಿದ್ದಲಿಲ್ಲ. ಆ ಬೀದಿಯಲ್ಲಿ ಕನ್ನಡ ಎಂದರೆ ಅವರೊಬ್ಬರೇ.
ಮತ್ತೊಬ್ಬಳು ಫೋನ್ ಹಿಡಿದಳು. ಆಮೇಲೆ ಇನ್ನೊಬ್ಬಳು...
ಒಳಗಿನ ದನಿ ನಿಲ್ಲಲಿಲ್ಲ.

"ಬ್ಯಾಂಕುಕ್ಕು ಸೊಲ್ಲಣುಮಾ ಸಾರ್?" ಸೆಲ್ವಿ ಕೇಳಿದರು.
ಬ್ಯಾಂಕಿಗೆ ಹೇಳಲೇಬೇಕು. ಹೇಳಿದ ಕ್ಷಣ ಖಾತೆ ನಿಲ್ಲುತ್ತದೆ, ಕ್ಲಿನಿಕ್ ಕೂಡ ಅಲ್ಲಿಗೆ ಮುಗಿಯುತ್ತದೆ.
ನಾಳೆ ಹೇಳುತ್ತೇವೆ.
ಇವತ್ತೊಂದು ದಿನ ಮಾತಾಡಲಿ...

ಇನ್ನು ಯಾರ ಎದುರೂ ಕಣ್ಣು ಮಿಟುಕಿಸಿ ತೋರಿಸಬೇಕಾಗಿಲ್ಲ, ಐತಾಳರೇ.
ನಿಮ್ಮ ಜೀವ ನೆಮ್ಮದಿಯಾಗಿ ಮಲಗಲಿ.
ಹೋಗಿ ಬನ್ನಿ...