ಸಹಿದಾರ ಭೀಮಶಿಯ ಸಂತೋಷ

ನಮ್ಮ ಗಲಗಲಿಯ ಭೀಮಶಿಗೆ ಕುರಿ ಬಿಟ್ಟರೆ ಪ್ರೀತಿಯದ್ದು ಸಹಿ. ಯಾರದೇ ಖರೀದಿ ಪತ್ರವಿರಲಿ, ಪಾಲುಪತ್ರವಿರಲಿ, ಸಾಕ್ಷಿಗೆ ಅವನೇ. ಕರೆಯುವ ಮೊದಲೇ ರುಮಾಲು ಸುತ್ತಿಕೊಂಡು ಬೀಳಗಿ ಬಸ್ಸಿನಲ್ಲಿ ಕೂತಿರುತ್ತಿದ್ದ. ಪತ್ರದಲ್ಲಿ ಏನಿದೆಯೆಂದು ಓದುವ ತೊಂದರೆ ತೆಗೆದುಕೊಂಡವನಲ್ಲ. ಹೆಸರು ಬರೆದು, ಕೊನೆಗೆ ಟಗರಿನ ಕೋಡಿನಂತೆ ಒಂದು ಸುತ್ತು ಸುತ್ತಿ, ಎದುರಿಗಿದ್ದವರ ಮುಖ ನೋಡುತ್ತಿದ್ದ. ಛಲೋ ಆಗಿದೆ ಎಂದು ಯಾರಾದರೂ ಅನ್ನುವವರೆಗೆ ಪೆನ್ನು ಜೇಬಿಗೆ ಹೋಗುತ್ತಿರಲಿಲ್ಲ.

ಅವನನ್ನು ಕೆಡಿಸಿದವನು ಧರ್ಮರಾಜ, ಬೀಳಗಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರ ಪತ್ರ ಮಾಡಿಕೊಡುವವ. ಒಂದು ದಿನ ಚಹಾ ಕುಡಿಯುತ್ತ ಸುಮ್ಮನಿರಲಾರದೆ ಶುರುಮಾಡಿದ.

"ಭೀಮಶಿ, ಸಹಿದಾರ ಅಂದ್ರ ಏನ ಗೊತ್ತೇನ? ಸಹಿ ಅನ್ನೂದು ಸಹೀಹ್ ಅನ್ನೂ ಅರಬ್ಬಿ ಮಾತಿನಿಂದ ಬಂದದ್ದು. ಖರೆ ಐತಿ, ಸರಿ ಐತಿ ಅಂತ ಅರ್ಥ. ದಾರ ಅನ್ನೂದು ಫಾರ್ಸಿ, ಹಿಡದಾಂವ ಅಂತ. ನೀ ಬರೇ ಹೆಸರ ಬರಿಯಾಕತ್ತಿಲ್ಲಪಾ. ಇದರಾಗ ಇದ್ದದ್ದೆಲ್ಲಾ ಖರೆ ಅಂತ ಹೊಣಿ ಹೊರಾಕತ್ತಿ."

ಅಲ್ಲಿಂದ ಶುರುವಾಯಿತು ನೋಡಿ ಊರಿನ ಕಷ್ಟ. ಎತ್ತಿನ ಚೀಟಿಯಲ್ಲಿ ನಾಲ್ಕು ಹಲ್ಲು ಎಂದಿದ್ದರೆ ಎತ್ತಿನ ಬಾಯಿ ತೆಗೆಸಿಯೇ ಸಹಿ. ಹೊಲದ ಮೂಡಣಕ್ಕೆ ಹಳ್ಳ ಎಂದಿದ್ದರೆ ಹಳ್ಳದಲ್ಲಿ ಕಾಲಿಟ್ಟು ಬಂದೇ ಸಹಿ. ಜನ ಅವನನ್ನು ಕಂಡರೆ ಓಣಿ ಬದಲಿಸತೊಡಗಿದರು. ಸುಳ್ಳೇಕೆ, ನಾನೂ ಬದಲಿಸಿದೆ.

ಹೀಗಿರುವಾಗ ಅವನದೇ ಪತ್ರ ಬಂತು. ಅಪ್ಪ ಬಿಟ್ಟುಹೋದ ಹೊಳೆದಂಡೆಯ ಕಬ್ಬಿನ ಹೊಲದಲ್ಲಿ ತಂಗಿ ರುಕ್ಮವ್ವನಿಗೂ ಪಾಲಿತ್ತು. ಅದನ್ನು ಅವಳು ಅಣ್ಣನಿಗೆ ಬಿಟ್ಟುಕೊಡಬೇಕು, ಇಬ್ಬರೂ ಸಹಿ ಮಾಡಬೇಕು. ಹೊಸ ಇಳಕಲ್ ಸೀರೆ ಕೊಡಿಸಿ, ಹಿಪ್ಪರಗಿಯ ಗಂಡನ ಮನೆಯಿಂದ ಅವಳನ್ನು ಧರ್ಮರಾಜನ ಅಂಗಡಿಗೆ ಕರೆತಂದಿದ್ದ. ಸಾಕ್ಷಿಗೆ ನಾನು.

ಧರ್ಮರಾಜ ಓದಿದ: "ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ನನ್ನ ಹಕ್ಕು ಬಿಟ್ಟುಕೊಟ್ಟಿರುತ್ತೇನೆ." ರುಕ್ಮವ್ವ ಪೆನ್ನು ಹಿಡಿದಳು.

ಭೀಮಶಿ ಬಾಯಿ ಮುಚ್ಚಿಕೊಂಡಿದ್ದರೆ ಹೊಲವೆಲ್ಲ ಅವನದೇ ಆಗುತ್ತಿತ್ತು. ಆದರೆ ಎತ್ತಿನ ಬಾಯಿಯನ್ನೇ ಬಿಡದವನು ತಂಗಿಯ ಮುಖ ನೋಡದೆ ಹೇಗಿದ್ದಾನು?

"ತಂಗೀ, ನಿನಗ ಖರೇನ ಸಂತೋಷ ಐತೇನ?" ಎಂದ. ಐತಿ ಅಂದುಬಿಡಲಿ ಎಂದು ಮನಸ್ಸಿನಲ್ಲೇ ಬೀರದೇವರಿಗೆ ಹರಕೆ ಹೊತ್ತಿದ್ದನಂತೆ, ಇದನ್ನು ಆಮೇಲೆ ನನ್ನ ಮುಂದೆ ಹೇಳಿದ.

"ನೀ ಸಿಟ್ಟ ಮಾಡೂದಿಲ್ಲಂದ್ರ ಹೇಳತೇನಿ."

"ಹೇಳ."

"ಇಲ್ಲಣ್ಣಾ. ತವರಮನಿ ಬಾಗಲಾ ಮುಚ್ಚಬಾರದಂತ ಸಹಿ ಮಾಡಾಕ ಬಂದೇನಿ."

ಭೀಮಶಿಗೆ ಸಿಟ್ಟು ಬಂತು, ನೆತ್ತಿಗೇ ಏರಿತು. ಸೀರೆಯ ಮಾತೂ ಆಡಿದ. ಅವನ ಮೇಲೆ ನನಗೂ ಸಿಟ್ಟು ಬಂತು. ರುಕ್ಮವ್ವ ತಲೆ ತಗ್ಗಿಸಿ ಕೂತಳು, ಪೆನ್ನನ್ನು ಮಾತ್ರ ಕೆಳಗಿಟ್ಟಿದ್ದಳು. ಇವನು ಎದ್ದು ಹೊರಗೆ ಹೋದ. ಮೇಲಿಂದ ಮೇಲೆ ಎರಡು ಚಹಾ ಕುಡಿದು ಒಳಗೆ ಬಂದ.

"ಧರ್ಮರಾಜಾ, ಆ ಪತ್ರಾ ಹರದ ಒಗಿ. ಪಾಲಿನ ಪತ್ರಾ ಮಾಡ. ಅರ್ಧಾ ಆಕೀದು," ಎಂದು ಗೊಣಗಿದ. "ಬಾಗಲಾ ಯಾಕ ಮುಚ್ಚತೇನಿ ನಾ?"

ಧರ್ಮರಾಜ ಕಂಪ್ಯೂಟರಿನ ಮುಂದೆ ಕೂತು, ಇವನ ಕಡೆ ಓರೆಗಣ್ಣಿನಿಂದ ನೋಡಿದ. "ಇದರಾಗೂ 'ಇಬ್ಬರೂ ಸಂತೋಷದಿಂದ' ಅಂತ ಹಾಕೂದು ಪದ್ಧತಿ. ಹಾಕಲೇನ?"

ರುಕ್ಮವ್ವ ಕಣ್ಣೊರೆಸಿಕೊಂಡು ಅಣ್ಣನ ಊದಿದ ಮುಖ ನೋಡಿದಳು. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟಳು.

"ಸದ್ಯಾ ನಂದಷ್ಟ ಹಾಕ್ರಿ. ಅಣ್ಣಂದು ಬರಾಕ ಇನ್ನೂ ನಾಕ ದಿನಾ ಹಿಡೀತೈತಿ."