ನೈಬ್ ಸಿಂಗನಿಗೆ ಜಾಮೀನು ನಿಂತವರು

ಮೇಲೋ ನನ್ನ ಪಕ್ಕದ ಮನೆಯವಳು. ಪೂರ್ತಿ ಹೆಸರು ಜಸ್ಮೇಲ್ ಕೌರ್, ಹಾಗೆ ಕರೆದದ್ದು ಕೋರ್ಟಿನ ಜವಾನ ಮಾತ್ರ. ಜೋರು ಬಾಯಿಯ ಹೆಂಗಸು. ಎಮ್ಮೆ ಕರೆಯುವಾಗಲೂ ಅದರ ಜೊತೆ ಜಗಳ ಕಾಯುತ್ತಿದ್ದಳು. ಗಂಡ ನೈಬ್ ಸಿಂಗ್ ಲಾರಿ ಡ್ರೈವರ್, ಮನೆಗೆ ಬಂದರೆ ನೆಂಟನ ಹಾಗೆ ಬರುತ್ತಿದ್ದ. "ಈ ಸಲ ಎಷ್ಟು ದಿನ ಉಳ್ಕೋತೀರಾ ಸರ್ದಾರ್‌ಜೀ, ಹಾಸಿಗೆ ಬಿಡಿಸ್ಲಾ ಬೇಡ್ವಾ?" ಎಂದು ಅವಳು ಕಾಡಿದರೆ ಇಡೀ ಓಣಿ ನಗುತ್ತಿತ್ತು.

ನಮ್ಮ ಮೋಗಾ ಜಿಲ್ಲೆಯಲ್ಲಿ ಗೋಧಿ ಕಟಾವು ಶುರುವಾದ ಹೊತ್ತಿಗೆ ಅವನನ್ನು ಹಿಡಿದರು. ರಾಜಸ್ಥಾನದಿಂದ ಕೋಳಿ ಮೇವು ಹೇರಿಕೊಂಡು ಬರುತ್ತಿದ್ದ ಲಾರಿಯದು. ಮೇಲಿನ ಚೀಲಗಳನ್ನು ಸರಿಸಿದರೆ ಅಡಿಯಲ್ಲಿ ಭುಕ್ಕಿ, ಅಂದರೆ ಗಸಗಸೆ ಕಾಯಿಯ ಹೊಟ್ಟು. ನಿದ್ದೆ ಬಾರದಿರಲಿ ಎಂದು ನಮ್ಮ ಕಡೆಯ ಡ್ರೈವರುಗಳು ಅದನ್ನೇ ಒಂದು ಚಿಟಿಕೆ ಚಹಾಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ಇದು ಚಿಟಿಕೆಯಲ್ಲ, ಚೀಲಗಟ್ಟಲೆ. ಲಾರಿ ಮಾಲೀಕ ಪೊಲೀಸರ ಮುಂದೆ, "ಲೋಡು ಹಾಕ್ಸಿದ್ದು ಡ್ರೈವರು, ನನಗೇನೂ ಗೊತ್ತಿಲ್ಲ" ಎಂದು ಕೈತೊಳೆದುಕೊಂಡ.

ನಾನೇ ಮೇಲೋ ಜೊತೆ ವಕೀಲ ಸಿಂಗ್ಲಾ ಅವರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಸುಳ್ಳು ಭರವಸೆ ಕೊಡಲಿಲ್ಲ.

"ಬೇರೆ ಕೇಸುಗಳಲ್ಲಿ ಜಾಮೀನು ಕೊಡೋದೇ ರೂಢಿ ಬೀಬೀ. ಇದ್ರಲ್ಲಿ ಉಲ್ಟಾ. ಇಷ್ಟು ಮಾಲು ಸಿಕ್ಕಿದ್ರೆ ಜಡ್ಜು ಎರಡು ಮಾತು ನಂಬ್ಬೇಕು. ಇವನು ತಪ್ಪು ಮಾಡಿಲ್ಲ ಅಂತ, ಹೊರಗೆ ಬಿಟ್ರೆ ಮುಂದೇನೂ ಮಾಡಲ್ಲ ಅಂತ. ಎರಡೂ ನಂಬಿಕೆ ಬಂದ್ರೇನೇ ಬಿಡೋದು."

"ತಪ್ಪು ಮಾಡಿಲ್ಲ ಅಂತ ಈಗ್ಲೇ ತೋರ್ಸೋದಾದ್ರೆ ಆಮೇಲೆ ವಿಚಾರಣೆ ಯಾಕ್ರೀ?" ಎಂದಳು ಮೇಲೋ.

"ಕಾನೂನು ಬರೆದೋನು ನಾನಲ್ಲ. ಹಿಂದೆ ಏನಾದ್ರೂ ಕೇಸು ಇತ್ತಾ?"

ಮೇಲೋ ಮುಖ ಕಪ್ಪಿಟ್ಟಿತು. ಇತ್ತು. ಹಲವು ವರ್ಷಗಳ ಹಿಂದೆ ಪೊಲೀಸರ ತಪಾಸಣೆ ನಾಕಾದಲ್ಲಿ ನೈಬನ ಬುತ್ತಿ ಡಬ್ಬಿಯೊಳಗೆ ಒಂದು ಸಣ್ಣ ಪೊಟ್ಟಣ ಭುಕ್ಕಿ ಸಿಕ್ಕಿತ್ತು. ಅವಳ ತಂಗಿಯ ಮದುವೆಯ ವಾರ ಅದು. "ಒಪ್ಕೊಂಡು ದಂಡ ಕಟ್ಟಿ ಬಂದ್ಬಿಡು, ಕೋರ್ಟು ಅಲೆಯೋಕೆ ಯಾರಿಗೆ ಪುರುಸೊತ್ತು" ಎಂದವಳು ಇವಳೇ. ಅವನು ಒಪ್ಪಿಕೊಂಡ, ದಂಡ ಕಟ್ಟಿದ, ಮದುವೆಯಲ್ಲಿ ಭಾಂಗ್ಡಾ ಕುಣಿದ.

ಸರ್ಕಾರಿ ವಕೀಲರು ಕೋರ್ಟಿನಲ್ಲಿ ಅದನ್ನೇ ಎತ್ತಿ ಹಿಡಿದರು. ಇವನಿಗಿದು ಹೊಸದಲ್ಲ, ಬಿಟ್ಟರೆ ಮತ್ತೆ ಮಾಡುತ್ತಾನೆ. ಜಡ್ಜು ತಾಳ್ಮೆಯಿಂದ ಎಲ್ಲ ಕೇಳಿ ಜಾಮೀನು ನಿರಾಕರಿಸಿದರು. ಚಂಡೀಗಢದ ದೊಡ್ಡ ಕೋರ್ಟಿನಲ್ಲೂ ಅದೇ ಮಾತು. ವಾಪಸು ಬರುವಾಗ ಬಸ್ಸಿನಲ್ಲಿ ಮೇಲೋ ನನ್ನ ಕೈ ಹಿಡಿದುಕೊಂಡು, "ನಾನೇ ಒಳಗೆ ಹಾಕಿದ್ದು ಅವನ್ನ" ಎಂದಳು.

ಜೈಲಿನ ಗಾಜಿನ ಆಚೆಯಿಂದ ನೈಬ್ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ. "ಲೋಡು ಹಾಕುವಾಗ ನಾನು ಢಾಬಾದ ಮಂಚದ ಮೇಲೆ ಮಲಗಿದ್ದೆ ಮೇಲೋ. ನಿದ್ದೆ ಮಾಡ್ತಿದ್ದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ?"

ವಿಚಾರಣೆ ಹೆಸರಿಗೆ ಶುರುವಾಯಿತು. ಹಿಡಿದ ಪೊಲೀಸರಲ್ಲಿ ಒಬ್ಬರಿಗೆ ವರ್ಗವಾಗಿತ್ತು, ಇನ್ನೊಬ್ಬರಿಗೆ ಸದಾ ಬೇರೆಲ್ಲೋ ಬಂದೋಬಸ್ತು. ಸಾಕ್ಷಿಗಳು ಬರಲಿಲ್ಲ ಎಂದು ಮುಂದಿನ ತಾರೀಖು, ಅದು ಬಂದರೆ ಮತ್ತೊಂದು ತಾರೀಖು. ಅಷ್ಟರಲ್ಲಿ ಮಾಲೀಕ ಮುಚ್ಚಳಿಕೆ ಬರೆದುಕೊಟ್ಟು ಲಾರಿಯನ್ನು ಬಿಡಿಸಿಕೊಂಡು ಹೋದ. ನಮ್ಮೂರ ರಸ್ತೆಯಲ್ಲೇ ಅದು ಹಾರ್ನ್ ಹಾಕಿಕೊಂಡು ಓಡಾಡಿತು.

"ಲಾರಿಗೆ ಜಾಮೀನು ಸಿಕ್ತು ನೋಡು, ಡ್ರೈವರಿಗೆ ಸಿಗ್ಲಿಲ್ಲ" ಎಂದಳು ಮೇಲೋ. ಎಮ್ಮೆಗೆ ಬಯ್ಯುವುದನ್ನು ಬಿಟ್ಟೇಬಿಟ್ಟಿದ್ದಳು. ಒಂದು ಸಂಜೆ ಗೋಡೆಗೊರಗಿ ಕೂತವಳು, "ಬಾವಿಗೆ ಬೀಳೋಣ ಅಂದ್ರೆ ಊರಲ್ಲಿ ಒಂದೂ ಬಾವಿ ಉಳಿದಿಲ್ಲ, ಎಲ್ಲಾ ಕೊಳವೆ ಬಾವಿ" ಎಂದು ನಕ್ಕಳು. ಅವತ್ತು ನಾನು ಅವಳ ಮನೆಯಲ್ಲೇ ಮಲಗಿದೆ.

ಕೊನೆಗೆ ದೊಡ್ಡ ಕೋರ್ಟು ಕರಗಿತು. ವಿಚಾರಣೆ ಮುಂದೆ ಹೋಗುತ್ತಿಲ್ಲ, ಆರೋಪಿ ಬಹಳ ಕಾಲದಿಂದ ಒಳಗಿದ್ದಾನೆ ಎಂದು ಜಾಮೀನು ಕೊಟ್ಟರು. ಜಿಲ್ಲೆ ದಾಟಬಾರದು, ವಾರಕ್ಕೊಮ್ಮೆ ಠಾಣೆಗೆ ಬರಬೇಕು, ಫೋನು ಆಫ್ ಮಾಡಬಾರದು. ಜೊತೆಗೆ, ಊರಿನ ಜಮೀನುದಾರನೊಬ್ಬ ತನ್ನ ಹೊಲದ ಮೇಲೆ ಜಾಮೀನು ನಿಲ್ಲಬೇಕು.

ಕಷ್ಟವಾದದ್ದು ಅದೇ. ನೈಬನ ಸ್ವಂತ ಅಣ್ಣ ಬಾಗಿಲಲ್ಲೇ ನಿಂತು, "ಮಗಳ ನಿಶ್ಚಯ ಆಗಿದೆ ಮೇಲೋ, ಹೊಲದ ಪತ್ರದ ಮೇಲೆ ಕೋರ್ಟಿನ ಗುರುತು ಬಿದ್ರೆ ಬೀಗರು ಏನಂದ್ಕೊಳ್ತಾರೆ?" ಎಂದ. ಸರಪಂಚ ಚಹಾ ಕೊಟ್ಟು ಕಳಿಸಿದ. ಉಳಿದವರು ಚಹಾವನ್ನೂ ಕೊಡಲಿಲ್ಲ. ಜಾಮೀನು ಸಿಕ್ಕ ಮನುಷ್ಯ ಜೈಲಿನಲ್ಲೇ ಕೊಳೆಯುತ್ತಿದ್ದ.

ಉಳಿದದ್ದು ಉಜಾಗರ್ ಸಿಂಗರ ಮನೆ. ಅವರ ಒಬ್ಬನೇ ಮಗ ಧಾನ್ಯದ ಮಂಡಿಯ ಹಿಂದೆ ತೋಳಿನಲ್ಲಿ ಸೂಜಿ ಇದ್ದ ಹಾಗೇ ಸತ್ತು ಬಿದ್ದಿದ್ದ. ಅಲ್ಲಿಂದೀಚೆಗೆ ಮುದುಕ ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. "ಆ ಮನೆಗೆ ಬೇಡ ಕಣೇ" ಎಂದೆ. "ಬೇರೆ ಬಾಗ್ಲು ತೋರ್ಸು" ಎಂದಳು.

ಅವರು ಅಂಗಳದಲ್ಲಿ ಕಡಲೆ ಸೊಪ್ಪು ಬಿಡಿಸುತ್ತಿದ್ದರು. ಮೇಲೋ ಹೇಳಿದ್ದನ್ನು ತಲೆ ಎತ್ತದೆ ಕೇಳಿದರು.

"ನನ್ನ ಮಗನ್ನ ತಿಂದ ದಂಧೆಯೋನಿಗೆ ನನ್ನ ಹೊಲ ಅಡ ಇಡು ಅಂತೀಯಾ?"

ಮೇಲೋ ಅವರ ಮುಂದೆ ನೆಲದ ಮೇಲೆ ಕೂತಳು.

"ಅವನು ಏನೂ ಮಾಡಿಲ್ಲ ಅಂತ ಗುರುಗಳ ಆಣೆ ಹಾಕ್ತೀಯಾ?"

"ಹಾಕಲ್ಲ ದೊಡ್ಡಪ್ಪಾ," ಎಂದಳು. "ಭುಕ್ಕಿ ತಿಂತಿದ್ದ. ನಾನೇ ಚಹಾಕ್ಕೆ ಹಾಕಿ ಕೊಟ್ಟಿದ್ದೀನಿ. ಮಾರ್ತಿದ್ದ ಅಂತ ನನಗನ್ಸಲ್ಲ. ಆದ್ರೆ ಆ ಚೀಲದ ಅಡಿ ಏನಿತ್ತು ಅಂತ ಅವನಿಗೆ ಗೊತ್ತಿತ್ತಾ ಇಲ್ವಾ, ನಾನು ಹೇಗೆ ಹೇಳ್ಲಿ? ನಾನಲ್ಲಿರ್ಲಿಲ್ಲ."

ಇಷ್ಟು ದಿನ ಅವಳ ಜೊತೆ ಅಲೆದಿದ್ದೆ. ಅವಳೊಳಗೆ ಈ ಅನುಮಾನ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಮುದುಕ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು. "ನನ್ನ ಹುಡುಗನಿಗೆ ಸೂಜಿ ಕೊಟ್ಟೋನ ತಾಯಿ ಇದೇ ಅಂಗಳದಲ್ಲಿ ಆಣೆ ಹಾಕಿದ್ಲು. ಗಟ್ಟಿಯಾಗಿ ಹಾಕಿದ್ಲು." ಕೈ ಕೊಡವಿಕೊಂಡು ಎದ್ದರು. "ನಾಳೆ ಕೋರ್ಟಿಗೆ ಬರ್ತೀನಿ. ನನ್ನದೂ ಒಂದು ಷರತ್ತು. ದಿನಾ ಬೆಳಿಗ್ಗೆ ಅವನು ನನ್ನ ಹೊಲದ ಮೋಟಾರಿನ ಹತ್ರ ಬಂದು ನಿಲ್ಬೇಕು. ಅವನ ಕಣ್ಣು ನೋಡ್ಬೇಕು ನಾನು. ನನ್ನ ಹುಡುಗನ ಕಣ್ಣು ನೋಡ್ಲಿಲ್ಲ ನಾನು."

ನೈಬ್ ಹೊರಗೆ ಬಂದ. ಅರ್ಧ ಆಳಾಗಿದ್ದ. ಜಿಲ್ಲೆ ದಾಟದ ಲಾರಿ ಡ್ರೈವರನನ್ನು ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ? ಇಟ್ಟಿಗೆ ಭಟ್ಟಿಯಲ್ಲಿ ಕೂಲಿಗೆ ಸೇರಿದ. ಭಟ್ಟಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ಉಜಾಗರ್ ಸಿಂಗರ ಮುಂದೆ ಹೋಗಿ ನಿಲ್ಲುತ್ತಿದ್ದ. ಮುದುಕ ಕಣ್ಣು ನೋಡಿ ಕಳಿಸುತ್ತಿದ್ದರು.

ಚೀಲಗಳ ಅಡಿಯ ವಿಷಯ ಗೊತ್ತಿತ್ತಾ ಎಂದು ಮೇಲೋ ಗಂಡನನ್ನು ಕೇಳಿಯೇ ಇಲ್ಲ. "ಗೊತ್ತಿತ್ತು ಅಂದ್ರೆ ನಾನೇನ್ ಮಾಡ್ಲಿ? ಇಲ್ಲ ಅಂದ್ರೆ ನಂಬ್ತೀನಾ?" ಎಂದಳು ನನ್ನ ಹತ್ತಿರ.

ಒಂದು ದಿನ ಅವನು ಹೋಗಲಿಲ್ಲ. ಬಿಸಿಲೇರುವಷ್ಟರಲ್ಲಿ ಮುದುಕ ಕೋಲೂರಿಕೊಂಡು ಮನೆಗೇ ಬಂದರು. ಮೇಲೋ ಹೆದರಿ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಸರಿಸಿ ಒಳಗೆ ಹೋಗಿ, ಮಲಗಿದ್ದವನ ರೆಪ್ಪೆ ಎತ್ತಿ ನೋಡಿದರು, ಹಣೆ ಮುಟ್ಟಿದರು. "ಜ್ವರ" ಎಂದರು. ಮಂಚದ ಅಂಚಿನಲ್ಲಿ ಕೂತು ಹೆಗಲಿನ ಬಟ್ಟೆಯಿಂದ ತಮ್ಮ ಮುಖ ಒರೆಸಿಕೊಂಡರು. ನೈಬ್ ಗೋಡೆಯ ಕಡೆ ತಿರುಗಿ ಬಿಕ್ಕತೊಡಗಿದ.

ಕೇಸು ಇನ್ನೂ ಮುಗಿದಿಲ್ಲ. ತಪ್ಪಿತಸ್ಥ ಎಂದಾದರೆ ಕಡಿಮೆಯೆಂದರೂ ಹತ್ತು ವರ್ಷ. ಹೋದ ತಾರೀಖಿಗೂ ಸಾಕ್ಷಿ ಬಂದಿರಲಿಲ್ಲ.