ಬಾಯಾರಿದವನ ಹೆಸರು ಕೇಳಬಾರದು

ರಷ್ಯದ ಅರಸ ಉರುಳಿ ನಾಡು ಕೆಂಪು ದಂಡು, ಬಿಳಿ ದಂಡು ಎಂದು ಸೀಳಿಹೋದಾಗ ಪಿರ್ಗುಲಿ ತಾನಾಗಿ ಹೋಗಿ ಬಿಳಿ ದಂಡಿಗೆ ಸೇರಿದ. ಕೆಂಪಿನವರ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಇದ್ದದ್ದು ತನ್ನ ಹೊಂಬಣ್ಣದ ಹೆಣ್ಣುಗುದುರೆಯ ಮೇಲಿನ ಮೋಹ. ತುರ್ಕಮೆನ್ ನಾಡಿನ ಕರಾಕುಮ್ ಮರುಭೂಮಿಯಂಚಿನ ಊರುಗಳಲ್ಲಿ ಆ ವರ್ಷ ಒಂದೇ ಕಟ್ಟಳೆ: ದಂಡು ಸೇರಿದವನ ಕುದುರೆ ಅವನದು, ಮನೆಯಲ್ಲುಳಿದವನ ಕುದುರೆ ದಂಡಿನದು. ಚಳಿಯ ರಾತ್ರಿಗಳಲ್ಲಿ ತಾನು ನಡುಗುತ್ತಲೇ ಕುದುರೆಗೆ ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತಿದ್ದವನು ಇನ್ನೇನು ಮಾಡಿಯಾನು?

ಯುದ್ಧವೆಂದರೆ ರೈಲುದಾರಿಯುದ್ದಕ್ಕೂ ಹಿಂದುಮುಂದಿನ ತಳ್ಳಾಟ. ಮಿಕ್ಕ ಹೊತ್ತು ಚಹಾ, ಹೇನು, ಮರಳು. ಒಂದು ಬೆಳಗ್ಗೆ ದಳಪತಿ ತಾಚ್‌ಮುರಾದ್ ಅವನನ್ನು ಒಂಟಿ ಬಾವಿಯೊಂದರ ಕಾವಲಿಗೆ ಹಾಕಿದ.

"ಕೆಂಪಿನವನೊಬ್ಬ ಇಲ್ಲಿ ನೀರು ಕುಡಿದ ಅಂತ ನಂಗೆ ಗೊತ್ತಾಯ್ತೋ, ನಿನ್ನ ಕುದುರೆ ನಂದು. ತಿಳೀತಾ?"

"ತಿಳೀತು ಆಗಾ," ಎಂದ ಪಿರ್ಗುಲಿ; ದೊಡ್ಡವರನ್ನು ಅಲ್ಲಿ ಕರೆಯುವುದೇ ಹಾಗೆ.

ಬಿಸಿಲೇರುವಾಗ ತುಟಿಯೊಡೆದ ಸವಾರನೊಬ್ಬ ಬಂದ. ಬಾವಿಕಟ್ಟೆಯಲ್ಲಿ ಬಾಯಾರಿದವನ ಹೆಸರು ಕೇಳುವುದು ತುರ್ಕಮೆನ್ ಮಂದಿಗೆ ನಾಚಿಕೆಗೇಡು. ಮೊದಲು ನೀರು, ಆಮೇಲೆ ಮಾತು. ಕುಡಿದವನು ಕೊಟ್ಟವನ ಅತಿಥಿ, ಆಮೇಲೆ ಇಬ್ಬರೂ ಒಬ್ಬರಿನ್ನೊಬ್ಬರ ಕೂದಲೂ ಕೊಂಕಿಸಬಾರದು. ಪಿರ್ಗುಲಿಯ ಕೈ ತಾನಾಗಿ ಹಗ್ಗವೆಳೆಯಿತು. ಸವಾರ ಕುಡಿದು ಮುಗಿಸಿದ ಮೇಲಷ್ಟೇ ಕೇಳಿದ:

"ಯಾವ ಕಡೆಯವನಪ್ಪಾ?"

"ನೀನು ಯಾರಿಂದ ಬಾವಿ ಕಾಯ್ತಿದೀಯೋ, ಆ ಕಡೆಯವನು. ಎಸೆನ್ ಅಂತ."

"ನಿನ್ನ ಮನೆ ಹಾಳಾಗ! ಕೆಂಪಿನವರ ಜೊತೆ ನಿಂಗೇನೋ ಕೆಲಸ?"

"ಕುದುರೆ ಉಳಿಸ್ಕೋಬೇಕಿತ್ತು. ನಿಂಗೆ?"

ಪಿರ್ಗುಲಿಗೆ ನಗು ತಡೆಯಲಾಗಲಿಲ್ಲ. ಅದು ಮುಗಿಯುವ ಮೊದಲೇ ದಿಬ್ಬದಾಚೆ ಧೂಳೆದ್ದಿತು. ತಾಚ್‌ಮುರಾದ್! ಅತಿಥಿಯನ್ನು ಹಿಡಿದುಕೊಡುವಂತಿಲ್ಲ, ಕುದುರೆಯನ್ನು ಬಿಟ್ಟುಕೊಡುವ ಮಾತಂತೂ ಇಲ್ಲ. ಎಸೆನ್ ಮಾತ್ರ ನಿರಾಳವಾಗಿ ಹಗ್ಗ ಕಸಿದುಕೊಂಡು ಇನ್ನೊಂದು ಕೊಡ ಸೇದಿದ. ಕುದುರೆಯಿಂದಿಳಿದ ದಳಪತಿ, ಕೊಟ್ಟ ಕೈ ಯಾರದೆಂದು ನೋಡದೆ ಗಟಗಟನೆ ಕುಡಿದು, ಆಮೇಲೆ ಕೇಳಿದ:

"ಇವನ್ಯಾರು?"

"ಕೆಂಪಿನವನು ಆಗಾ. ನನ್ನ ಅತಿಥಿ," ಎಂದ ಪಿರ್ಗುಲಿ. "ನೀವೀಗ ಅವನ ಅತಿಥಿ."

ದಳಪತಿಯ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಿಸ್ತೂಲಿನತ್ತ ಹೋದ ಕೈ ಅರ್ಧದಾರಿಯಲ್ಲೇ ತಿರುಗಿ, ಕುರಿದೊಗಲಿನ ಟೋಪಿಯೊಳಗೆ ನುಗ್ಗಿ ತಲೆ ಕೆರೆಯಿತು.

"ಕತ್ತೆಗಳಾ! ಉಗಿಯೋಣ ಅಂದ್ರೆ ನೀರು ಒಳಗಿಳಿದುಬಿಟ್ಟಿದೆಯಲ್ರೋ!" ಎಂದು ಎಸೆನ್‌ನತ್ತ ತಿರುಗಿದ. "ನನ್ನ ಕಣ್ಣಲ್ಲಿ ಮರಳು ಬಿದ್ದಿದೆ. ಅದು ಹೋಗೋದ್ರೊಳಗೆ ನೀನು ಹೋಗು ಮಾರಾಯ."

ಎಸೆನ್ ಮರಳಲ್ಲಿ ಮರೆಯಾದ ಮೇಲೆ ಪಿರ್ಗುಲಿ ಮೆಲ್ಲಗೆ ಕೆಮ್ಮಿದ. "ಮತ್ತೆ... ನನ್ನ ಕುದುರೆ ಆಗಾ?"

"ಯಾರಾದ್ರೂ ಕುಡಿದದ್ದು ನಂಗೆ ಗೊತ್ತಾಗಿದೆಯೇನೋ?" ಎಂದು ಗದರಿ ದಳಪತಿ ಕುದುರೆಯೇರಿದ.

ಮರುವರ್ಷ ಪಿರ್ಗುಲಿ ಅದೇ ಹೆಣ್ಣುಗುದುರೆಯ ಮೇಲೆ ಮನೆಗೆ ಬಂದ. ಯುದ್ಧ ಗೆದ್ದವರು ಯಾರೆಂದು ಅಂಗಳದಲ್ಲೇ ತಡೆದು ಕೇಳಿದಳು ಹೆಂಡತಿ. ಅವನು ಮೊದಲು ಕುದುರೆಗೆ ನೀರು ಸೇದಿದ.